ಲಿಪಿ ಇಲ್ಲದ ಸೂಚಿ, ಓದುಗರಿಲ್ಲದ ಪುಸ್ತಕ

ಗ್ರಂಥಾಲಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಟ್ಟಡ, ಕಪಾಟು, ಬೆಂಚು ಮತ್ತು ದಿನಪತ್ರಿಕೆ. ಅಲ್ಲಿರುವ ಪುಸ್ತಕಗಳ ಕ್ಯಾಟಲಾಗನ್ನು, ಅಂದರೆ ಸೂಚಿಯನ್ನು, ಯಾರು ಬರೆಯುತ್ತಾರೆ, ಯಾವ ಲಿಪಿಯಲ್ಲಿ ಬರೆಯುತ್ತಾರೆ ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಅದು ಗ್ರಂಥಪಾಲರ ಕೆಲಸ, ನಮಗೇಕೆ ಆ ತಲೆನೋವು ಎಂದು ಬಿಟ್ಟುಬಿಡುತ್ತೇವೆ. ಆದರೆ ಭಾಷಾ ಅಲ್ಪಸಂಖ್ಯಾತರಿಗೆ ಈ ಉದಾಸೀನ ಸಲ್ಲದು. ಬಹುಸಂಖ್ಯಾತರ ಪುಸ್ತಕವು ಸೂಚಿಯಲ್ಲಿ ತಪ್ಪಿಹೋದರೂ ಕಪಾಟಿನಲ್ಲಿ ಹತ್ತು ಮಂದಿಯ ಕಣ್ಣಿಗೆ ಬೀಳುತ್ತದೆ. ನಮ್ಮ ಪುಸ್ತಕವು ಸೂಚಿಯಲ್ಲಿ ತಪ್ಪಿದರೆ ಕಪಾಟಿನಲ್ಲಿದ್ದೂ ಇಲ್ಲದಂತೆಯೇ ಸರಿ.

ಈ ಮಾತನ್ನು ನಮ್ಮ ಜಿಲ್ಲೆಗಾಗಿ ಮಾತ್ರ ಹೇಳುತ್ತಿಲ್ಲ. ನಮ್ಮಂತೆಯೇ ಗಡಿಯ ಆಚೆ ಉಳಿದ ಇನ್ನೊಂದು ಕನ್ನಡ ನೆಲವನ್ನು ಓದುಗರು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗವಾದ ಆದವಾನಿ, ಆಲೂರು, ಕೋಸಿಗಿ, ಕೌತಾಳಂ, ಹೊಳಗುಂದ, ಮಂತ್ರಾಲಯ, ಚಿಪ್ಪಗಿರಿ ಕಡೆಯ ಊರುಗಳಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ಇಂದಿಗೂ ಇವೆ. ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ಆದವಾನಿಯು ಹಿಂದೆ ಬಳ್ಳಾರಿ ಜಿಲ್ಲೆಯ ತಾಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದುವು. ಉಳಿದುವು ಮೈಸೂರಿಗೆ ಬಂದುವು. ಮೂರು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅವರದು ತುಂಗಭದ್ರೆಯ ಈಚೆಯ ಹತ್ತಿಯ ಸೀಮೆ, ನಮ್ಮದು ಕಡಲ ಕರೆಯ ಅಡಿಕೆಯ ಸೀಮೆ. ಊಟ ಬೇರೆ, ಉಡುಗೆ ಬೇರೆ. ಆದರೂ ಪಾಡು ಒಂದೇ.

ಗ್ರಂಥಾಲಯದ ಮಟ್ಟಿಗೆ ಹೇಳುವುದಾದರೆ ನಮ್ಮಿಬ್ಬರ ಚರಿತ್ರೆಯ ಬೇರೂ ಒಂದೇ. ಸ್ವತಂತ್ರ ಭಾರತದ ಮೊತ್ತಮೊದಲ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1948ರ ಮದ್ರಾಸ್ ಕಾಯಿದೆ. ಅದರ ಹಿಂದೆ ಡಾ. ಎಸ್. ಆರ್. ರಂಗನಾಥನ್ ಅವರ ವರ್ಷಗಳ ದುಡಿಮೆ ಇತ್ತು. ಅಂದು ಬಳ್ಳಾರಿ ಜಿಲ್ಲೆಯೂ ದಕ್ಷಿಣ ಕನ್ನಡ ಜಿಲ್ಲೆಯೂ ಮದ್ರಾಸ್ ಪ್ರಾಂತಕ್ಕೆ ಸೇರಿದ್ದುವು. ಅನಂತರ ಆಂಧ್ರಪ್ರದೇಶವು 1960ರಲ್ಲಿ, ಮೈಸೂರು ರಾಜ್ಯವು 1965ರಲ್ಲಿ, ಕೇರಳವು 1989ರಲ್ಲಿ ತಂತಮ್ಮ ಗ್ರಂಥಾಲಯ ಕಾಯಿದೆಗಳನ್ನು ಮಾಡಿಕೊಂಡುವು. ಮನೆತೆರಿಗೆಯ ಜತೆಗೆ ಗ್ರಂಥಾಲಯ ಕರವನ್ನು ಆದವಾನಿಯ ಕನ್ನಡಿಗನೂ ಕಟ್ಟುತ್ತಾನೆ, ಕಾಸರಗೋಡಿನ ಕನ್ನಡಿಗನೂ ಕಟ್ಟುತ್ತಾನೆ. ಕರ ಕಟ್ಟುವಾಗ ಭಾಷೆಯ ಭೇದವಿಲ್ಲ. ಆ ಹಣದಿಂದ ಕೊಂಡ ನಾಲ್ಕು ಕನ್ನಡ ಪುಸ್ತಕಗಳನ್ನು ಹುಡುಕಿ ತೆಗೆಯುವಾಗ ಮಾತ್ರ ಭೇದ ಕಾಣಿಸಿಕೊಳ್ಳುತ್ತದೆ.

ಹೇಗೆಂದು ನೋಡೋಣ. ಕನ್ನಡ ಬಾರದ ಗುಮಾಸ್ತರೊಬ್ಬರು ಕಂಪ್ಯೂಟರಿನ ಮುಂದೆ ಕುಳಿತು ಕನ್ನಡ ಪುಸ್ತಕವೊಂದನ್ನು ದಾಖಲಿಸಬೇಕು. ಹೆಸರನ್ನು ಯಾರನ್ನಾದರೂ ಕೇಳಿ ತಿಳಿದು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ‘ಬಳೆ’, ‘ಬಲೆ’, ‘ಬಾಳೆ’, ‘ಬಾಲೆ’ ನಾಲ್ಕೂ ಒಂದೇ ಆಗಿಬಿಡುತ್ತವೆ. ‘ಹಳ್ಳಿ’ಗೂ ‘ಹಲ್ಲಿ’ಗೂ ವ್ಯತ್ಯಾಸ ಉಳಿಯುವುದಿಲ್ಲ. ಇನ್ನೊಬ್ಬ ಗುಮಾಸ್ತರು ಅದೇ ಪುಸ್ತಕದ ಮತ್ತೊಂದು ಪ್ರತಿಯನ್ನು ಎರಡು ‘ಎ’ ಹಾಕಿಯೋ ‘ಎಚ್’ ಸೇರಿಸಿಯೋ ಬರೆಯುತ್ತಾರೆ. ಆಗ ಒಂದೇ ಪುಸ್ತಕ ಎರಡು ಪುಸ್ತಕವಾಗುತ್ತದೆ. ಕನ್ನಡ ಶಾಲೆಯ ಮಗು ಬಂದು ಕನ್ನಡದಲ್ಲಿ ಹೆಸರು ಹೊಡೆದರೆ ಎರಡೂ ಸಿಗುವುದಿಲ್ಲ. ‘ಇಲ್ಲ’ ಎಂಬ ಉತ್ತರ ಬರುತ್ತದೆ, ಮಗು ಹಿಂದೆ ಹೋಗುತ್ತದೆ. ವರ್ಷಾಂತ್ಯದಲ್ಲಿ ಲೆಕ್ಕ ತೆಗೆದಾಗ ಕನ್ನಡ ಪುಸ್ತಕಗಳನ್ನು ಯಾರೂ ಒಯ್ದಿಲ್ಲ ಎಂದು ಕಾಣುತ್ತದೆ. ಒಯ್ಯುವವರಿಲ್ಲದಿದ್ದರೆ ಕೊಳ್ಳುವುದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದರಲ್ಲಿ ಯಾರ ದ್ವೇಷವೂ ಬೇಕಾಗಿಲ್ಲ. ಸೂಚಿಯೊಂದು ಕೆಟ್ಟರೆ ಸಾಕು, ಉಳಿದುದೆಲ್ಲ ತಾನಾಗಿಯೇ ನಡೆಯುತ್ತದೆ.

ಪುಸ್ತಕದ ಹೆಸರಿನ ಗತಿ ಹೀಗಾದರೆ ಗ್ರಂಥಕರ್ತರ ಹೆಸರಿನದು ಇನ್ನೂ ದೊಡ್ಡ ಗೊಂದಲ. ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಹೆಸರನ್ನೇ ತೆಗೆದುಕೊಳ್ಳಿ. ‘ಕಿಞ್ಞಣ್ಣ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವವರು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಬರೆಯುತ್ತಾರೆ. ಅಲ್ಲದೆ ಅವರನ್ನು ‘ಕ’ ಅಕ್ಷರದಲ್ಲಿ ಹುಡುಕಬೇಕೋ, ‘ರೈ’ ಎಂದು ಹುಡುಕಬೇಕೋ? ಗೋವಿಂದ ಪೈಗಳು (1883–1963) ಮಂಜೇಶ್ವರದ ಅಡಿಯಲ್ಲೋ, ಗೋವಿಂದದ ಅಡಿಯಲ್ಲೋ, ಪೈ ಎಂಬಲ್ಲೋ? ಹಳೆಯ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರಂತೂ ‘ಬೀಚಿ’ ಎಂಬ ತಮ್ಮ ಕಾವ್ಯನಾಮದ ಮೊದಲ ಅಕ್ಷರವನ್ನು ಕನ್ನಡದಲ್ಲೂ ಉಳಿದುದನ್ನು ಇಂಗ್ಲಿಷಿನಲ್ಲೂ ಅಚ್ಚು ಹಾಕಿಸಿ ನಗಿಸಿದವರು. ಗ್ರಂಥಪಾಲರನ್ನು ಅವರು ಇಂದಿಗೂ ನಗಿಸುತ್ತಿರಬೇಕು, ಅಥವಾ ಅಳಿಸುತ್ತಿರಬೇಕು.

ಆದವಾನಿ ಕಡೆಯ ಉದಾಹರಣೆ ಇನ್ನೂ ಸ್ವಾರಸ್ಯವಾಗಿದೆ. ದಾಸಸಾಹಿತ್ಯದ ದೊಡ್ಡ ಹೆಸರಾದ ವಿಜಯದಾಸರು ರಾಯಚೂರು ಸೀಮೆಯ ಚೀಕಲಪರವಿಯಲ್ಲಿ ಹುಟ್ಟಿ 1755ರಲ್ಲಿ ಚಿಪ್ಪಗಿರಿಯಲ್ಲಿ ದೇಹ ಬಿಟ್ಟರು. ಚಿಪ್ಪಗಿರಿ ಇಂದು ಕರ್ನೂಲು ಜಿಲ್ಲೆಯಲ್ಲಿದೆ. ಅವರ ಹುಟ್ಟುಹೆಸರು ದಾಸಪ್ಪ, ಕೀರ್ತನೆಗಳ ಅಂಕಿತ ವಿಜಯವಿಠಲ. ಒಂದು ಗ್ರಂಥಾಲಯ ವಿಜಯದಾಸ ಎಂದೂ, ಇನ್ನೊಂದು ವಿಜಯದಾಸರು ಎಂದೂ, ಮತ್ತೊಂದು ದಾಸ, ವಿಜಯ ಎಂದೂ ಬರೆದರೆ ಒಬ್ಬ ದಾಸರು ಮೂವರಾದರು. ಹಾಗೆಯೇ 1671ರಲ್ಲಿ ಮಂತ್ರಾಲಯದಲ್ಲಿ ಬೃಂದಾವನಸ್ಥರಾದ ರಾಯರ ಬಗ್ಗೆ ಕನ್ನಡದಲ್ಲೂ ತೆಲುಗಿನಲ್ಲೂ ತಮಿಳಿನಲ್ಲೂ ಪುಸ್ತಕಗಳಿವೆ. ರಾಘವೇಂದ್ರ ಸ್ವಾಮಿ, ರಾಘವೇಂದ್ರತೀರ್ಥ, ಗುರುರಾಯರು ಎಂದು ಬೇರೆಬೇರೆ ಕಡೆ ಚದರಿದ ಆ ಪುಸ್ತಕಗಳು ಒಂದೆಡೆ ಸಿಗುವುದು ಹೇಗೆ? ಆ ಊರಿನ ಹೆಸರೇ ನೋಡಿ. ಕನ್ನಡದ ಬಾಯಲ್ಲಿ ಆದವಾನಿ, ಸರಕಾರದ ಕಾಗದದಲ್ಲಿ ಆದೋನಿ, ಮೊಗಲರ ಕಾಲದ ದಾಖಲೆಗಳಲ್ಲಿ ಇಮ್ತಿಯಾಜ್‌ಗಢ. ಊರಿಗೆ ಎರಡು ಭಾಷೆಯಲ್ಲಿ ಎರಡು ಹೆಸರಿರುವುದರ ಗೋಳನ್ನು ಕಾಸರಗೋಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷ್ ಅಕ್ಷರದ ಈ ಪದ್ಧತಿ ಹೇಗೆ ಬಂತು ಎಂಬುದನ್ನೂ ತಿಳಿಯಬೇಕು. ಅದು ಯಾರೂ ಕೇಡೆಣಿಸಿ ಮಾಡಿದ್ದಲ್ಲ. 1954ರ ಕಾಯಿದೆಯಂತೆ ದೇಶದ ಪ್ರಕಾಶಕರೆಲ್ಲ ತಮ್ಮ ಪುಸ್ತಕದ ಪ್ರತಿಯನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳುಹಿಸಬೇಕು. ಅವನ್ನು ಆಧರಿಸಿ ಬಿ. ಎಸ್. ಕೇಶವನ್ ಅವರ ಮುತುವರ್ಜಿಯಿಂದ 1958ರಲ್ಲಿ ರಾಷ್ಟ್ರೀಯ ಗ್ರಂಥಸೂಚಿ ಹೊರಡತೊಡಗಿತು. ಎಲ್ಲಾ ಭಾಷೆಗಳನ್ನೂ ಒಂದೇ ಅಕಾರಾದಿಯಲ್ಲಿ ಕೂಡಿಸಲು ರೋಮನ್ ಲಿಪಿಯನ್ನು ಆಯ್ದುಕೊಂಡರು. ದೀರ್ಘಕ್ಕೆ ಅಡ್ಡಗೆರೆ, ಳಕಾರ ಣಕಾರಗಳಿಗೆ ಕೆಳಗೆ ಚುಕ್ಕಿ ಇತ್ಯಾದಿ ಗುರುತುಗಳನ್ನು ಹಾಕಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು ಭಾರತದ ಪುಸ್ತಕಗಳನ್ನು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳುಹಿಸಿದಾಗಲೂ ಇದೇ ಕ್ರಮ. ಅದೇ ದಶಕದಲ್ಲಿ ಅಲ್ಲಿ ಹೆನ್ರಿಯೆಟ್ ಅವ್ರಾಮ್ ಎಂಬ ಮಹಿಳೆಯ ನೇತೃತ್ವದಲ್ಲಿ ಸೂಚಿಯ ಕಾರ್ಡನ್ನು ಕಂಪ್ಯೂಟರಿಗೆ ಏರಿಸುವ ‘ಮಾರ್ಕ್’ ಎಂಬ ಮಾನಕ ಸಿದ್ಧವಾಯಿತು. ಜಗತ್ತಿನ ಗ್ರಂಥಾಲಯಗಳು ಇಂದಿಗೂ ಬಹುಪಾಲು ಅದನ್ನೇ ಬಳಸುತ್ತಿವೆ. ಅದರ ಹಳೆಯ ಅಕ್ಷರಕೋಶದಲ್ಲಿ ಕ್ರಮೇಣ ಅರಬ್ಬಿ, ಹೀಬ್ರೂ, ಗ್ರೀಕ್, ರಷ್ಯನ್, ಚೀನೀ ಲಿಪಿಗಳು ಸೇರಿಕೊಂಡರೂ ದೇವನಾಗರಿಯಾಗಲಿ ಕನ್ನಡ, ತೆಲುಗು, ಮಲಯಾಳಗಳಾಗಲಿ ಸೇರಲಿಲ್ಲ. ಅಂದು ಅದು ಯಂತ್ರದ ಮಿತಿ ಎನ್ನಬಹುದಿತ್ತು.

ಇಂದು ಆ ನೆಪ ಉಳಿದಿಲ್ಲ. 1991ರಲ್ಲಿ ಬಂದ ಯುನಿಕೋಡ್ ಪದ್ಧತಿಯ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಕೈಯಲ್ಲಿರುವ ಮೊಬೈಲಿನಲ್ಲಿ ನಾವೆಲ್ಲ ಕನ್ನಡ ಬರೆಯುತ್ತಿರುವುದು ಅದರಿಂದಲೇ. ‘ಮಾರ್ಕ್’ ಮಾನಕದಲ್ಲಿ ಮೂಲಲಿಪಿಯ ಹೆಸರನ್ನು ರೋಮನ್ ರೂಪದ ಜತೆಗೇ ಬರೆದಿಡಲು ಈಗ ಎಡೆಯಿದೆ. ನ್ಯೂಜಿಲೆಂಡಿನಲ್ಲಿ ಹುಟ್ಟಿ ಕೇರಳದ ಹಲವು ಗ್ರಂಥಾಲಯಗಳಲ್ಲೂ ಬಳಕೆಯಲ್ಲಿರುವ ‘ಕೋಹಾ’ ತಂತ್ರಾಂಶವು ಉಚಿತ. ಅದರಲ್ಲಿ ಕನ್ನಡವನ್ನು ಕನ್ನಡದಲ್ಲೇ ಬರೆಯಬಹುದು. ಹೀಗಿದ್ದೂ ಇಂಗ್ಲಿಷಿನಲ್ಲೇ, ಅದೂ ಗೆರೆ ಚುಕ್ಕಿಗಳಿಲ್ಲದೆ, ಬರೆಯುವುದು ಹಳೆಯ ಚಾಳಿ ಮಾತ್ರ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸೂಚಿಯ ಲೋಕದಲ್ಲಿ ದೊಡ್ಡದೊಂದು ಬದಲಾವಣೆ ನಡೆಯುತ್ತಿದೆ. ಇದುವರೆಗೆ ಪ್ರತಿ ಗ್ರಂಥಾಲಯವೂ ತನ್ನ ಪುಸ್ತಕಕ್ಕೆ ತಾನೊಂದು ಕಾರ್ಡು ಬರೆದುಕೊಳ್ಳುತ್ತಿತ್ತು. ಇನ್ನು ಮುಂದೆ ಎಲ್ಲ ಗ್ರಂಥಾಲಯಗಳ ಮಾಹಿತಿಗೂ ಪರಸ್ಪರ ಕೊಂಡಿ ಹಾಕುವ ಪದ್ಧತಿ ಬರುತ್ತಿದೆ. ಲೈಬ್ರರಿ ಆಫ್ ಕಾಂಗ್ರೆಸ್ ಇದಕ್ಕಾಗಿ ‘ಬಿಬ್‌ಫ್ರೇಮ್’ ಎಂಬ ಹೊಸ ಮಾದರಿಯನ್ನು ರೂಪಿಸಿದೆ. ಸ್ವೀಡನ್ ದೇಶದ ರಾಷ್ಟ್ರೀಯ ಗ್ರಂಥಾಲಯವು 2018ರಲ್ಲೇ ತನ್ನ ಸಮಗ್ರ ಸೂಚಿಯನ್ನು ಈ ಕೊಂಡಿಯ ಪದ್ಧತಿಗೆ ಬದಲಿಸಿಕೊಂಡಿತು.

ಇದರ ಮರ್ಮವನ್ನು ನಮ್ಮ ಮನೆಯ ಉದಾಹರಣೆಯಿಂದಲೇ ತಿಳಿಯಬಹುದು. ಒಂದು ಮನೆಯನ್ನು ನೆರೆಯ ಕನ್ನಡಿಗರು ಮೇಲಿನಮನೆ ಎನ್ನುತ್ತಾರೆ, ಮಲಯಾಳಿಗಳು ಇನ್ನೊಂದು ಹೆಸರಿನಿಂದ ಕರೆಯುತ್ತಾರೆ, ಅಂಚೆಯವನಿಗೆ ಮತ್ತೊಂದು ಹೆಸರು. ಆದರೆ ಪಂಚಾಯತು ಕೊಟ್ಟ ಮನೆನಂಬ್ರ ಒಂದೇ. ಯಾವ ಹೆಸರಿನಿಂದ ವಿಚಾರಿಸಿದರೂ ಆ ನಂಬ್ರದ ಬಾಗಿಲಿಗೇ ಬಂದು ನಿಲ್ಲುತ್ತೀರಿ. ಹೊಸ ಪದ್ಧತಿಯಲ್ಲಿ ಪ್ರತಿ ಗ್ರಂಥಕರ್ತನಿಗೆ, ಪ್ರತಿ ಕೃತಿಗೆ, ಪ್ರತಿ ಊರಿಗೆ ಇಂಥದೊಂದು ನಂಬ್ರ. ಆ ನಂಬ್ರಕ್ಕೆ ಕನ್ನಡದ ಹೆಸರು, ತೆಲುಗಿನ ಹೆಸರು, ಮಲಯಾಳದ ಹೆಸರು, ಇಂಗ್ಲಿಷಿನ ಹೆಸರು ಎಲ್ಲವನ್ನೂ ಕಟ್ಟಬಹುದು. ಆದವಾನಿ ಎಂದರೂ ಆದೋನಿ ಎಂದರೂ ಒಂದೇ ಊರು ಸಿಗುತ್ತದೆ. ಶಿವರಾಮ ಕಾರಂತರ 1933ರ ‘ಚೋಮನ ದುಡಿ’ಯನ್ನು ಹುಡುಕಿದರೆ ಅದರ ಎಲ್ಲ ಮುದ್ರಣಗಳೂ ಬೇರೆ ಭಾಷೆಗಳ ಅನುವಾದಗಳೂ ಸಾಲಾಗಿ ಬರುತ್ತವೆ. ಮಲಯಾಳ ಓದುವ ನೆರೆಯವರಿಗೂ ತೆಲುಗು ಓದುವ ನೆರೆಯವರಿಗೂ ಅದರಿಂದ ಲಾಭವೇ.

ಅಲ್ಪಸಂಖ್ಯಾತರಿಗೆ ಇದಕ್ಕಿಂತ ಅನುಕೂಲವಾದ ಪದ್ಧತಿ ಇನ್ನೊಂದಿಲ್ಲ. ಹಳೆಯ ಕಾರ್ಡಿನಲ್ಲಿ ಒಂದೇ ಹೆಸರು ತಲೆಯ ಮೇಲೆ ಕೂರಬೇಕಾಗಿತ್ತು. ಯಾರ ಭಾಷೆಯ ಹೆಸರು ಎಂಬ ಜಗಳಕ್ಕೆ ಅಲ್ಲಿ ಆಸ್ಪದವಿತ್ತು. ಇಲ್ಲಿ ಒಬ್ಬರ ಹೆಸರನ್ನು ಅಳಿಸದೆ ಇನ್ನೊಬ್ಬರ ಹೆಸರನ್ನು ಸೇರಿಸಬಹುದು.

ಆದರೆ ಒಂದು ಮಾತು. ಯಾರಾದರೂ ಬರೆದರೆ ಮಾತ್ರ ಹೆಸರು ಸೇರುತ್ತದೆ. ಕನ್ನಡದ ರೂಪವನ್ನು ಯಾರೂ ಬರೆಯದಿದ್ದರೆ ಆ ಜಾಗ ಖಾಲಿಯೇ ಉಳಿಯುತ್ತದೆ. ಒಮ್ಮೆ ಒಂದು ದೊಡ್ಡ ಗ್ರಂಥಾಲಯ ಬರೆದ ದಾಖಲೆಯನ್ನು ಉಳಿದವರೆಲ್ಲ ನಕಲು ಮಾಡಿಕೊಳ್ಳುವುದು ಈ ವೃತ್ತಿಯ ಕ್ರಮ. ಆದುದರಿಂದ ಒಂದು ಕಡೆಯ ತಪ್ಪು ನೂರು ಕಡೆಗೆ ಹರಡುತ್ತದೆ. ಬೆಂಗಳೂರಿನ ದೊಡ್ಡ ಪ್ರಕಾಶಕರ ಪುಸ್ತಕಗಳು ಹೇಗೋ ಈ ಸರಪಳಿಗೆ ಸೇರಿಕೊಳ್ಳುತ್ತವೆ. ನಮ್ಮ ಕಡೆಯ ಸಣ್ಣ ಅಚ್ಚುಕೂಟದಲ್ಲಿ ಮುದ್ರಣಗೊಂಡ ಯಕ್ಷಗಾನ ಪ್ರಸಂಗ, ಶಾಲೆಯ ಸ್ಮರಣಸಂಚಿಕೆ, ದೇವಸ್ಥಾನದ ಚರಿತ್ರೆ, ಆದವಾನಿ ಕಡೆಯ ದಾಸರಪದಗಳ ಸಂಗ್ರಹ ಇವುಗಳ ಗತಿಯೇನು? ಇಂಥವುಗಳ ಒಂದೋ ಎರಡೋ ಪ್ರತಿ ಮಾತ್ರ ಉಳಿದಿರುತ್ತದೆ. ಅದು ಸೂಚಿಗೆ ಬಾರದೆ ಗೆದ್ದಲಿನ ಪಾಲಾದರೆ, ಅಂಥ ಪುಸ್ತಕವೊಂದು ಇತ್ತೆಂಬ ಸುದ್ದಿಯೂ ಉಳಿಯದು.

ಕಂಪ್ಯೂಟರೇ ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಲಿ, ಮನುಷ್ಯರೇಕೆ ಶ್ರಮಪಡಬೇಕು ಎಂದು ಕೆಲವರು ಕೇಳಬಹುದು. ಗೆರೆ ಚುಕ್ಕಿಗಳನ್ನೆಲ್ಲ ಸರಿಯಾಗಿ ಹಾಕಿ ಬರೆದಿದ್ದರೆ ಅದು ಸಾಧ್ಯ. ಅದಕ್ಕೆಂದೇ 2001ರಲ್ಲಿ 15919 ಎಂಬ ಅಂತಾರಾಷ್ಟ್ರೀಯ ಮಾನಕವೂ ಬಂದಿದೆ. ಗುರುತುಗಳಿಲ್ಲದೆ ಬರೆದುದನ್ನು ಯಂತ್ರವು ಊಹಿಸಬೇಕಷ್ಟೆ. ಬಳೆಯ ಬದಲು ಬಲೆ ಬಂದರೆ ಅದನ್ನು ತಿದ್ದಲು ಮತ್ತೆ ಕನ್ನಡ ಬಲ್ಲವರೇ ಬೇಕು. ಅದೇ ಮನುಷ್ಯರು ಮೊದಲೇ ಕನ್ನಡದಲ್ಲಿ ಬರೆದಿದ್ದರೆ ಎರಡು ಕೆಲಸ ಒಂದಾಗುತ್ತಿತ್ತು.

ಇದು ಬರಿಯ ಊಹೆಯ ಮಾತಲ್ಲ. ಭಾರತದ ಡಿಜಿಟಲ್ ಲೈಬ್ರರಿ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆದುವು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿದ್ದ ಕನ್ನಡ ಪುಸ್ತಕಗಳೂ ಅಂತರ್ಜಾಲಕ್ಕೆ ಬಂದುವು. ಆದರೆ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಗುರುತು ಹಿಡಿಯಲಾರದ ಕಾಗುಣಿತದಲ್ಲಿ ಇದ್ದುವು. ಪುಸ್ತಕ ಇದ್ದರೂ ಸಿಗದಂಥ ಸ್ಥಿತಿ. ಆಗ ‘ಸಂಚಯ’ ಎಂಬ ಕನ್ನಡ ಉತ್ಸಾಹಿಗಳ ಬಳಗವು ಊರೂರಿನ ಸ್ವಯಂಸೇವಕರನ್ನು ಅಂತರ್ಜಾಲದಲ್ಲೇ ಕೂಡಿಸಿಕೊಂಡು ಆ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆಸಿತು. ‘ಪುಸ್ತಕ ಸಂಚಯ’ದಲ್ಲಿ ಇಂದು ಕನ್ನಡದಲ್ಲೇ ಹುಡುಕಿ ಆ ಹಳೆಯ ಪುಸ್ತಕಗಳನ್ನು ಓದಬಹುದು. ತೆಲುಗು ನಾಡಿನ ಕಪಾಟಿನಲ್ಲಿದ್ದ ಕನ್ನಡ ಪುಸ್ತಕವನ್ನು ಹುಡುಕಿಕೊಟ್ಟದ್ದು ಕೋಟಿಗಟ್ಟಲೆ ಹಣವಲ್ಲ. ಕನ್ನಡ ಬಲ್ಲವರು ಬಿಡುವಿನ ಹೊತ್ತಿನಲ್ಲಿ ಬರೆದ ಎರಡು ಸಾಲು.

ಮೊದಲು ಕಟ್ಟಡ ಸೋರುವುದು ನಿಲ್ಲಲಿ, ಗ್ರಂಥಪಾಲರ ನೇಮಕವಾಗಲಿ, ಆಮೇಲೆ ಸೂಚಿಯ ಮಾತು ಎನ್ನುವವರೂ ಉಂಟು. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಕಟ್ಟಡವನ್ನು ಮುಂದಿನ ವರ್ಷವೂ ದುರಸ್ತಿ ಮಾಡಬಹುದು. ಸೂಚಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಊರೂರಿನಲ್ಲಿ ಈಗ ನಡೆಯುತ್ತಿದೆ. ಒಮ್ಮೆ ಮುಗಿದ ಮೇಲೆ ಸಣ್ಣ ಭಾಷೆಯ ನೂರು ಪುಸ್ತಕಗಳಿಗಾಗಿ ಅದನ್ನು ಮತ್ತೆ ಬಿಚ್ಚುವವರು ಯಾರೂ ಇಲ್ಲ.

ಕಾನೂನಿನ ಬಲವೂ ನಮಗಿದೆ. ಸಂವಿಧಾನದ 29ನೇ ವಿಧಿಯು ತನ್ನದೇ ಭಾಷೆ ಮತ್ತು ಸಂಸ್ಕೃತಿಯನ್ನು ಮಾತ್ರವಲ್ಲದೆ ‘ಲಿಪಿ’ಯನ್ನೂ ಹೆಸರು ಹೇಳಿ, ಅದನ್ನು ಉಳಿಸಿಕೊಳ್ಳುವ ಹಕ್ಕನ್ನು ನಾಗರಿಕರಿಗೆ ಕೊಟ್ಟಿದೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯಲ್ಲಿ ಇಲ್ಲಿನ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ವಿಶೇಷ ರಕ್ಷಣೆಯಿದೆ. ಅರ್ಜಿ, ಆದೇಶಗಳಲ್ಲಿ ಲಿಪಿಯನ್ನು ಕೇಳುವ ನಾವು ಗ್ರಂಥಾಲಯದ ಸೂಚಿಯಲ್ಲಿ ಕೇಳದೆ ಸುಮ್ಮನಿರುವುದೇಕೆ?

ಆದುದರಿಂದ ಎರಡೂ ರಾಜ್ಯಗಳ ಅಧಿಕೃತರ ಮುಂದೆ ನಮ್ಮ ಬೇಡಿಕೆಗಳು ಹೀಗಿರಬೇಕು. ಒಂದು, ಕನ್ನಡ ಪುಸ್ತಕದ ಹೆಸರನ್ನೂ ಗ್ರಂಥಕರ್ತರ ಹೆಸರನ್ನೂ ಮೊದಲು ಕನ್ನಡ ಲಿಪಿಯಲ್ಲಿ, ಯುನಿಕೋಡಿನಲ್ಲಿ ಬರೆಯಬೇಕು. ಇಂಗ್ಲಿಷ್ ರೂಪ ಪಕ್ಕದಲ್ಲಿರಲಿ. ಎರಡು, ಪ್ರತಿ ದಾಖಲೆಯಲ್ಲೂ ಭಾಷೆಯ ಸಂಕೇತವನ್ನು ತಪ್ಪದೆ ತುಂಬಬೇಕು. ಅದು ಖಾಲಿ ಉಳಿದರೆ ಕನ್ನಡ ಪುಸ್ತಕಗಳು ಎಷ್ಟಿವೆ ಎಂಬ ಲೆಕ್ಕವೇ ಸಿಗುವುದಿಲ್ಲ. ತುಳುವಿನ ಸ್ಥಿತಿ ಇದಕ್ಕಿಂತಲೂ ಶೋಚನೀಯ. ‘ಮಾರ್ಕ್’ ಮಾನಕದ ಭಾಷಾಪಟ್ಟಿಯಲ್ಲಿ ತುಳುವಿಗೆ ಸ್ವಂತ ಸಂಕೇತವಿಲ್ಲದೆ ಅದು ‘ಇತರ ದ್ರಾವಿಡ ಭಾಷೆ’ಗಳ ಗುಂಪಿಗೆ ಸೇರಿದೆ. ಮೂರು, ಅಲ್ಪಸಂಖ್ಯಾತರ ಪ್ರದೇಶದಲ್ಲಿ ಸೂಚಿ ತಯಾರಿಸುವಾಗ ಕನ್ನಡ ಓದುಬರಹ ಬಲ್ಲ ಒಬ್ಬರಾದರೂ ಇರಬೇಕು. ನಾಲ್ಕು, ಕಾಸರಗೋಡು, ಆದವಾನಿಗಳಂಥ ಗಡಿಪ್ರದೇಶಗಳ ಕನ್ನಡ ಗ್ರಂಥಕರ್ತರ ಹೆಸರುಗಳ ಅಧಿಕೃತ ಪಟ್ಟಿಯೊಂದನ್ನು, ಎಲ್ಲ ರೂಪಾಂತರಗಳ ಸಮೇತ, ತಯಾರಿಸಿ ಎಲ್ಲರಿಗೂ ಉಚಿತವಾಗಿ ತೆರೆದಿಡಬೇಕು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಇದಕ್ಕೆ ಕೈಗೂಡಿಸಬಹುದು. ಸಭೆ ಸಮ್ಮೇಳನಗಳ ಶಾಲು ಹಾರಗಳಿಗೆ ಆಗುವ ಖರ್ಚಿನ ಒಂದಂಶ ಸಾಕು.

ಸರಕಾರಕ್ಕೆ ಹೇಳಿದರಷ್ಟೆ ಸಾಲದು, ಮನೆಯವರೂ ಏಳಬೇಕು. ನಮ್ಮ ಪ್ರತಿ ಯುವಕ ಸಂಘ, ಭಜನಾ ಮಂದಿರ, ಶಾಲೆ ತನ್ನಲ್ಲಿರುವ ಸ್ಥಳೀಯ ಪ್ರಕಟಣೆಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಹತ್ತಿರದ ಗ್ರಂಥಾಲಯಕ್ಕೆ ಕೊಡಲಿ. ಹೆಸರು, ಗ್ರಂಥಕರ್ತರು, ಪ್ರಕಾಶಕರು, ಊರು, ವರ್ಷ, ಪುಟಗಳು ಇಷ್ಟಿದ್ದರೆ ಸಾಕು. ಕಾಲೇಜಿಗೆ ಹೋಗುವ ಮಕ್ಕಳು 2012ರಲ್ಲಿ ಆರಂಭವಾದ ‘ವಿಕಿಡೇಟಾ’ದಲ್ಲಿ ನಮ್ಮ ಲೇಖಕರ ಕನ್ನಡ ಹೆಸರುಗಳನ್ನು ಯಾರ ಅಪ್ಪಣೆಯೂ ಇಲ್ಲದೆ ಸೇರಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಗ್ರಂಥಾಲಯಕ್ಕೆ ಹೋಗಿ ಕನ್ನಡ ಪುಸ್ತಕವನ್ನು ಕೇಳಬೇಕು. ಇಲ್ಲವೆಂದರೆ ಬರೆದು ಕೊಟ್ಟು ಬರಬೇಕು. ಕೇಳುವವರಿಲ್ಲದ ಅಂಗಡಿಯಲ್ಲಿ ಸರಕು ತರಿಸುವವರುಂಟೇ?

ಜಗತ್ತಿನ ಬಹಳಷ್ಟು ಗ್ರಂಥಾಲಯಗಳು ಬಳಸುವ ಡ್ಯೂಯಿ ವರ್ಗೀಕರಣದಲ್ಲಿ ಮಲಯಾಳ ಸಾಹಿತ್ಯದ ಸಂಖ್ಯೆ 894.812, ಕನ್ನಡದ್ದು 894.814, ತೆಲುಗಿನದು 894.827. ಆ ಕಪಾಟಿನಲ್ಲಿ ನಾವು ಮೂವರೂ ಒಂದೇ ಸಾಲಿನ ನೆರೆಹೊರೆಯವರು. ಅಲ್ಲಿ ಗಡಿಯಿಲ್ಲ, ತಂಟೆಯಿಲ್ಲ. ಓದುಗನಿಗೆ ತಕ್ಕ ಪುಸ್ತಕವೂ ಪುಸ್ತಕಕ್ಕೆ ತಕ್ಕ ಓದುಗನೂ ಸಿಗಬೇಕೆಂದು ರಂಗನಾಥನ್ ಅವರು ತಮ್ಮ ಜೀವಮಾನವೆಲ್ಲ ಹೇಳಿದರು. ಆದವಾನಿಯ ಮಗುವಿಗೂ ಕಾಸರಗೋಡಿನ ಮಗುವಿಗೂ ಆ ಮಾತು ಅನ್ವಯಿಸುತ್ತದೆ. ಮಗು ತನ್ನ ಲಿಪಿಯಲ್ಲಿ ಹೆಸರು ಬರೆದು ಕೇಳಿದಾಗ ‘ಇಲ್ಲ’ ಎಂಬ ಸುಳ್ಳು ಉತ್ತರ ಬಾರದಂತೆ ನೋಡಿಕೊಳ್ಳುವುದು ಹಿರಿಯರಾದ ನಮ್ಮೆಲ್ಲರ ಹೊಣೆ. ಅದಕ್ಕೆ ಈಗಲೇ ಸಮಯ. ತಡಮಾಡಿದರೆ ಸೂಚಿ ಮುಗಿದಿರುತ್ತದೆ, ನಮ್ಮ ಹೆಸರು ಹೊರಗೇ ಉಳಿದಿರುತ್ತದೆ.